ನಾಲಿಗೆಯ ಎಡ ಅಂಚು

9 ಜನವರಿ 1993

ಪೂಜ್ಯ ಟೀಚರ್ ಅವರಿಗೆ,

ನಿಮ್ಮ ಶಿಷ್ಯ ಗೋಂದು ಮಾಡುವ ನಮಸ್ಕಾರಗಳು. ನಾವು ಮೂವರೂ ಚೆನ್ನಾಗಿದ್ದೇವೆ. ನೀವೂ ನಿಮ್ಮ ತಂಗಿಯೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಕೂಸು ಈಗ ಎರಡನೆಯ ತರಗತಿ. ಪಾಠದ ನಡುವೆ ಬಹಳ ಮಾತಾಡುತ್ತಾಳೆ ಎಂದು ಶಾಲೆಯಿಂದ ಚೀಟಿ ಬಂದಿದೆ. ಕಿವುಡ ಅಪ್ಪ, ಕಿವುಡ ಅಮ್ಮ, ಮಗಳು ಬಾಯಿಬಡುಕಿ! ನಾನೂ ನನ್ನ ಹೆಂಡತಿಯೂ ಆ ಚೀಟಿಯನ್ನು ಎರಡೆರಡು ಸಲ ಓದಿ ನಕ್ಕೆವು.

ಈಗ ವಿಷಯ. ಹೋದ ವಾರ ದವಡೆ ಹಲ್ಲು ನೋಯಿತು. ಪ್ರೆಸ್ಸಿನ ಎದುರಿಗಿರುವ ಹಲ್ಲಿನ ಡಾಕ್ಟರ ಬಳಿ ಹೋದೆ. ಹಲ್ಲು ನೋಡಿದರು. ಆಮೇಲೆ ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆ ಎಳೆದರು. ತುಂಬ ಹೊತ್ತು ನೋಡಿದರು. ಬಟ್ಟೆಯಿಂದ ಉಜ್ಜಿದರು. ಮತ್ತೆ ನೋಡಿದರು. ಆಮೇಲೆ ಏನೋ ಮಾತಾಡಿದರು. ಆದರೆ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿದ್ದರು. ನನಗೆ ಕಂಡದ್ದು ಹುಬ್ಬು ಮಾತ್ರ. ಹುಬ್ಬಿನಲ್ಲಿ ಏನು ಓದುವುದು? ‘ನನಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಬಟ್ಟೆ ತೆಗೆದು ಹೇಳಿ’ ಎಂದೆ. ನೀವು ಕಲಿಸಿದ ಹಾಗೆ, ಅವಸರ ಮಾಡದೆ, ಹೊಟ್ಟೆಯಿಂದ ಉಸಿರು ತೆಗೆದು ಹೇಳಿದೆ. ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಬಟ್ಟೆ ಇಳಿಸಿದರು. ಕೆಳಗೆ ದಪ್ಪ ಮೀಸೆ ಇತ್ತು. ಎರಡು ಶಬ್ದ ಮಾತ್ರ ಸಿಕ್ಕವು. ಒಂದು ‘ಬಿಳಿ’, ಇನ್ನೊಂದು ‘ಪಚ್ಚೆ’. ಬಿಳಿ ಹೇಗೆ ಪಚ್ಚೆ ಆಗುತ್ತದೆ? ಮನೆಗೆ ಬಂದು ಮುಖ ತೊಳೆಯುವಾಗ ಹೊಳೆಯಿತು. ಪಚ್ಚೆ ಅಲ್ಲ, ಮಚ್ಚೆ. ತುಟಿಯ ಮೇಲೆ ಪ, ಬ, ಮ ಮೂರೂ ಒಂದೇ ತರಹ, ಮೋಸ ಹೋಗಬೇಡಿ ಎಂದು ನೀವು ಎಷ್ಟು ಸಲ ಹೇಳಿದ್ದಿರಿ.

ಕೊನೆಗೆ ಚೀಟಿ ಬರೆದುಕೊಟ್ಟರು. ಡಾಕ್ಟರ ಕೈಬರಹ, ಡಾಕ್ಟರ ಭಾಷೆ. ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರಿಗೆ ತೋರಿಸಿ ಒಂದೊಂದೇ ಅಕ್ಷರ ಬಿಡಿಸಿಕೊಂಡೆ. ಹೀಗಿದೆ: ಲ್ಯೂಕೋಪ್ಲೇಕಿಯಾ. ನಾಲಿಗೆಯ ಎಡ ಅಂಚು. ಬಯಾಪ್ಸಿ ಮಾಡಿಸಬೇಕು. ಹೊಗೆಸೊಪ್ಪು ಬಿಡಬೇಕು. ಮೊದಲನೆಯ ಶಬ್ದ ಅವರಿಗೂ ಗೊತ್ತಿಲ್ಲ. ಪ್ರೆಸ್ಸಿನ ನಿಘಂಟಿನಲ್ಲೂ ಇಲ್ಲ.

ಹೊಗೆಸೊಪ್ಪು ಎಂದು ಓದಿದ ಕೂಡಲೇ ನೀವು ಬಯ್ಯುತ್ತೀರಿ. ಕಾಗದದ ನಡುವೆ ಕೆಲಸ, ಬೆಂಕಿ ಹಚ್ಚಿ ಸೇದುವ ಹಾಗಿಲ್ಲ. ಆದ್ದರಿಂದ ಬೈಂಡಿಂಗ್ ಕೋಣೆಯಲ್ಲಿ ಎಲ್ಲರ ಕೆನ್ನೆಯಲ್ಲೂ ಒಂದು ಚಿಟಿಕೆ ಇರುತ್ತದೆ. ನನ್ನದು ಸಣ್ಣ ಚಿಟಿಕೆ.

ಇದು ಏನು ರೋಗ? ನನ್ನ ಹೆಂಡತಿ ದಿನವೂ ಕೇಳುತ್ತಾಳೆ. ‘ಟೀಚರಿಗೆ ಬರೆಯುತ್ತೇನೆ, ಅವರು ಹೇಳುತ್ತಾರೆ’ ಎಂದಿದ್ದೇನೆ. ನೀವು ಹೇಳಿಕೊಟ್ಟ ಮೇಲೆಯೇ ಅಲ್ಲವೇ ಯಾವ ಶಬ್ದವೂ ನನಗೆ ಶಬ್ದವಾದದ್ದು.

ನಿಮ್ಮ ಶಿಷ್ಯ,
ಗೋಂದು


21 ಜನವರಿ 1993

ಚಿರಂಜೀವಿ ಗೋಂದುವಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ಒಂದು ವಾರವಾಯಿತು. ಉತ್ತರ ತಡವಾಯಿತೆಂದು ಗಾಬರಿಯಾಗಬೇಡ. ಕೇಳಿ ತಿಳಿದುಕೊಂಡು ಬರೆಯೋಣ ಎಂದು ಕಾದೆ. ನಮ್ಮ ಬೀದಿಯ ಕೊನೆಯಲ್ಲೇ ಒಬ್ಬ ಹಲ್ಲಿನ ಡಾಕ್ಟರ್ ಇದ್ದಾಳೆ, ಚಿಕ್ಕ ವಯಸ್ಸಿನವಳು, ನನ್ನ ತಂಗಿಯ ಕಟ್ಟಿಸಿದ ಹಲ್ಲುಗಳ ಜೊತೆ ಆರು ತಿಂಗಳಿಂದ ಗುದ್ದಾಡುತ್ತಿದ್ದಾಳೆ. ಅವಳಿಗೆ ನಿನ್ನ ಪತ್ರವನ್ನೇ ಓದಿ ಹೇಳಿದೆ.

ಲ್ಯೂಕೋ ಎಂದರೆ ಬಿಳಿ. ಪ್ಲೇಕಿಯಾ ಎಂದರೆ ಚಪ್ಪಟೆಯಾದದ್ದು, ಬಿಲ್ಲೆ. ಬಿಳಿ ಬಿಲ್ಲೆ, ಅಷ್ಟೇ. ಇದು ಕಂಡದ್ದಕ್ಕೆ ಇಟ್ಟ ಹೆಸರು, ರೋಗದ ಹೆಸರಲ್ಲ. ಸೂಜಿ ತಳ್ಳಿ ತಳ್ಳಿ ನಿನ್ನ ಹೆಬ್ಬೆರಳಿನ ಚರ್ಮ ಗಡುಸಾಗಿಲ್ಲವೇ? ಹೊಗೆಸೊಪ್ಪಿನ ಖಾರಕ್ಕೆ ಬಾಯಿಯ ಒಳಚರ್ಮವೂ ಹಾಗೇ ದಪ್ಪವಾಗಿ ಬೆಳ್ಳಗಾಗುತ್ತದೆ. ಎಷ್ಟೋ ಜನರಿಗೆ ಬರುತ್ತದೆ, ಎಷ್ಟೋ ಜನರಿಗೆ ಏನೂ ಆಗುವುದಿಲ್ಲ. ಸೊಪ್ಪು ಬಿಟ್ಟರೆ ತಾನಾಗಿ ಹೋಗುವುದೂ ಉಂಟು. ಬಾಯಿಯೊಳಗೆ ಸುಣ್ಣ ಬಳಿದದ್ದು ನೀನೇ, ಕೆರೆಯಬೇಕಾದವನೂ ನೀನೇ.

ಬಯಾಪ್ಸಿ ಎಂದರೆ ಅಲ್ಲಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುವುದು. ಅದಕ್ಕೆ ಅಂಥ ಆತುರವೇನಿಲ್ಲ. ಮೊದಲು ಹೊಗೆಸೊಪ್ಪು ಬಿಡು. ಒಂದು ಮೂರು ತಿಂಗಳು ನೋಡು. ಹೋಗದಿದ್ದರೆ ಆಮೇಲೆ ಯೋಚಿಸೋಣ. ನಾಲಿಗೆ ಕತ್ತರಿ ಆಡಿಸುವ ಜಾಗವಲ್ಲ. ನಿನ್ನ ನಾಲಿಗೆಯಂತೂ ಅಲ್ಲವೇ ಅಲ್ಲ. ಒಂದು ‘ರ’ ಹೊರಡಿಸಲು ನಿನಗೂ ನನಗೂ ಒಂದೂವರೆ ವರ್ಷ ಹಿಡಿಯಿತು. ಅಂಗುಳಕ್ಕೆ ಸಕ್ಕರೆ ಹಚ್ಚಿ, ನಾಲಿಗೆ ಎತ್ತಿ ನೆಕ್ಕು ಎಂದು ಕನ್ನಡಿ ಮುಂದೆ ಕೂರಿಸಿದರೆ, ಬೆರಳಿನಿಂದ ಸಕ್ಕರೆ ತೆಗೆದು ತಿಂದು ಕೈ ಒರೆಸಿಕೊಂಡ ಕಳ್ಳ ನೀನು. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಿನ್ನಷ್ಟು ಸ್ಪಷ್ಟವಾಗಿ ಮಾತಾಡಿದ ಮಗು ಇನ್ನೊಂದಿಲ್ಲ. ಗುರುತಿಲ್ಲದ ಡಾಕ್ಟರಿಗೆ ಒಂದೇ ಸಲಕ್ಕೆ ನಿನ್ನ ಮಾತು ಅರ್ಥವಾಯಿತು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ತಂಗಿಗೂ ಓದಿ ಹೇಳಿದೆ.

ಕೂಸಿನ ಜೊತೆ ಬಾಯಲ್ಲೇ ಮಾತಾಡು. ಮನೆಯಲ್ಲಿ ಕೈಯಾಡಿಸುವುದನ್ನು ಸ್ವಲ್ಪ ಕಡಿಮೆ ಮಾಡಿ. ನಿನ್ನ ಹೆಂಡತಿಗೆ ಬೇಜಾರಾಗಬಹುದು. ಅವಳ ಶಾಲೆಯಲ್ಲಿ ಕಲಿಸಿದ್ದೇ ಕೈಮಾತು, ಅವಳ ತಪ್ಪಲ್ಲ. ನಾನು ಹಳೇ ಕಾಲದವಳು, ಹೇಳದೆ ಇರಲಾರೆ.

ನಿನ್ನ ಟೀಚರ್


4 ಫೆಬ್ರವರಿ 1993

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ‘ಅಷ್ಟೇ’ ಎಂಬ ಶಬ್ದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೆಂಡತಿ ‘ಆದರೂ ಪರೀಕ್ಷೆ ಮಾಡಿಸು’ ಎಂದಳು. ಅವಳ ಜೊತೆ ಓದಿದ ಹುಡುಗಿಯ ಅಪ್ಪನಿಗೆ ಹೀಗೇ ಬಿಳಿ ಬಂದು ಆಮೇಲೆ ಏನೇನೋ ಆಯಿತಂತೆ. ನಾನು ನಿಮ್ಮ ಪತ್ರ ತೋರಿಸಿದೆ. ಸುಮ್ಮನಾದಳು.

ಹೊಗೆಸೊಪ್ಪು ಬಿಟ್ಟು ನಾಲ್ಕು ದಿನ ಆಯಿತು. ಶಾಲೆ ಪುಸ್ತಕಗಳ ಕಾಲ, ಹೊಲಿಗೆ ಬಹಳ. ಆಮೇಲೆ ದೊಡ್ಡ ಪತ್ರ ಬರೆಯುತ್ತೇನೆ.

ಗೋಂದು


11 ಮೇ 1993

ಚಿ. ಗೋಂದುವಿಗೆ ಆಶೀರ್ವಾದಗಳು.

ಆಮೇಲೆ ಎಂದರೆ ನಿನ್ನ ಲೆಕ್ಕದಲ್ಲಿ ಎಷ್ಟು ತಿಂಗಳಪ್ಪಾ? ಮಾರ್ಚಿನಲ್ಲಿ ಒಂದು ಕಾರ್ಡು ಹಾಕಿದೆ, ಅದಕ್ಕೂ ಉತ್ತರವಿಲ್ಲ. ಕೂತಲ್ಲಿ ಅಂಟಿಕೊಳ್ಳುವ ಹುಡುಗ ಎಂದು ಹಾಸ್ಟೆಲಿನ ಅಡುಗೆಯಾಕೆ ನಿನಗೆ ಗೋಂದು ಎಂದು ಹೆಸರಿಟ್ಟಳು. ದೊಡ್ಡವನಾಗಿ ಗೋಂದು ಹಚ್ಚುವ ಕೆಲಸಕ್ಕೇ ಸೇರಿದೆ. ಈಗ ಲೇಖನಿಯೂ ಅಂಟಿಕೊಂಡಿತೇ?

ಇಲ್ಲಿ ಎಲ್ಲ ಮಾಮೂಲು. ತಂಗಿಗೆ ಹೊಸ ಹಲ್ಲು ಬಂದಿದೆ. ಊಟಕ್ಕೆ ಕೂತಾಗ ತೆಗೆದಿಡುತ್ತಾಳೆ, ಜನ ಬಂದಾಗ ಹಾಕಿಕೊಳ್ಳುತ್ತಾಳೆ.

ನಾಲಿಗೆ ಹೇಗಿದೆ? ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿಕೊಂಡೆಯಾ? ಬಿಳಿ ಇದೆಯೋ ಹೋಗಿದೆಯೋ ಎರಡು ಸಾಲು ಬರೆ. ಹಾಗೇ ಸುಮ್ಮನೆ ಕೇಳಿದೆ. ಬರೆ, ಮರೆಯಬೇಡ.

ನಿನ್ನ ಟೀಚರ್


30 ಜೂನ್ 1993

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ತಡವಾದದ್ದಕ್ಕೆ ಕ್ಷಮಿಸಿ. ಪ್ರೆಸ್ಸಿಗೆ ಹೊಸ ಕತ್ತರಿಸುವ ಯಂತ್ರ ಬಂದಿದೆ. ಐನೂರು ಹಾಳೆಗಳನ್ನು ಒಂದೇ ಏಟಿಗೆ ಕತ್ತರಿಸುತ್ತದೆ. ಅದು ಬೀಳುವಾಗ ನನ್ನ ಪಾದಕ್ಕೆ ಗೊತ್ತಾಗುತ್ತದೆ. ಉಳಿದವರು ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಮೇಸ್ತ್ರಿ ನನ್ನನ್ನೇ ಅದರ ಮುಂದೆ ನಿಲ್ಲಿಸಿದ್ದಾರೆ. ಕಿವುಡನಾಗಿದ್ದಕ್ಕೆ ಮೊದಲ ಸಲ ಬಡ್ತಿ ಸಿಕ್ಕಿತು.

ನಾಲಿಗೆ ಪರವಾಗಿಲ್ಲ. ಬಿಳಿ ಇದೆ, ಆದರೆ ಮೊದಲಿನ ಹಾಗಿಲ್ಲ. ನಡುವೆ ಅಲ್ಲಲ್ಲಿ ಕೆಂಪು ಬಂದಿದೆ. ನಾಲಿಗೆಯ ಬಣ್ಣ ಕೆಂಪೇ ಅಲ್ಲವೇ? ಬಿಳಿ ಹೋಗಿ ಒಳಗಿನ ಬಣ್ಣ ಕಾಣುತ್ತಿದೆ ಎಂದು ತಿಳಿದಿದ್ದೇನೆ. ಖಾರ, ಹುಳಿ ತಾಗಿದರೆ ಉರಿಯುತ್ತದೆ. ಹೊಸ ಚರ್ಮ ಬರುವಾಗ ಉರಿ ಇದ್ದದ್ದೇ. ಹೆಂಡತಿ ಊಟವನ್ನು ಸಪ್ಪೆ ಮಾಡಿದ್ದಾಳೆ. ಕೂಸು ‘ಅಪ್ಪನ ಊಟ ಬೆಕ್ಕಿನ ಊಟ’ ಎಂದು ಕೈಯಲ್ಲಿ ಹೇಳಿ ನಗುತ್ತಾಳೆ.

ಅಂಚು ಸ್ವಲ್ಪ ಗಟ್ಟಿಯಾಗಿದೆ, ರಟ್ಟಿನ ಮೂಲೆಯ ಹಾಗೆ. ಹಲ್ಲು ತಾಗಿ ಇರಬೇಕು.

ಗೋಂದು


6 ಜುಲೈ 1993

ಗೋಂದು,

ಈ ಪತ್ರ ಕೈಗೆ ಬಂದ ದಿನವೇ ದೊಡ್ಡ ಆಸ್ಪತ್ರೆಗೆ ಹೋಗು. ಮಾರನೆಯ ದಿನ ಎನ್ನಬೇಡ. ಮೇಸ್ತ್ರಿ ರಜೆ ಕೊಡದಿದ್ದರೆ ಈ ಪತ್ರವನ್ನೇ ತೋರಿಸು. ಕೆಂಪು ಬಂದರೆ ವಾಸಿಯಾಗುತ್ತಿದೆ ಎಂದಲ್ಲ. ಗಟ್ಟಿಯಾಗುವುದು ಹಲ್ಲು ತಾಗಿ ಅಲ್ಲ. ಬಯಾಪ್ಸಿ ಮಾಡಿಸು. ಮೊದಲು ನಾನು ಏನು ಬರೆದಿದ್ದರೂ ಅದನ್ನು ಬಿಟ್ಟುಬಿಡು.

ಏನಾಯಿತು ಎಂದು ತಕ್ಷಣ ಬರೆ.

ಟೀಚರ್


19 ಆಗಸ್ಟ್ 1993

ಪೂಜ್ಯ ಟೀಚರ್ ಅವರಿಗೆ,

ನಿಮ್ಮ ಪತ್ರ ಬಂದ ಮೂರನೆಯ ದಿನ ಹೋದೆ. ಚೂರು ತೆಗೆದರು. ನೋವಾಗಲಿಲ್ಲ. ಹತ್ತು ದಿನ ಬಿಟ್ಟು ಬರಲು ಹೇಳಿದರು. ಮತ್ತೆ ಹೋದಾಗ ಡಾಕ್ಟರು ರಜೆ. ಇನ್ನೊಂದು ವಾರ.

ಆ ದಿನ ಕೂಸನ್ನು ಕರೆದುಕೊಂಡು ಹೋಗಿದ್ದೆವು. ಇಲ್ಲಿಯ ಡಾಕ್ಟರು ಬರೆಯುವುದಿಲ್ಲ. ಅವರಿಗೆ ಸಮಯವಿಲ್ಲ, ಹೊರಗೆ ಅರವತ್ತು ಜನ ಕೂತಿರುತ್ತಾರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಕೂಸೇ ನಮಗೆ ಹೇಳುವುದು. ಹಾಗೇ ಇಲ್ಲೂ ಹೇಳುತ್ತಾಳೆ ಎಂದುಕೊಂಡೆವು. ಬೇರೆ ಯೋಚನೆ ಬರಲಿಲ್ಲ.

ಡಾಕ್ಟರು ಕಾಗದ ನೋಡಿಕೊಂಡು ಮಾತಾಡಿದರು, ತಲೆ ಎತ್ತಲಿಲ್ಲ. ಕೂಸು ಅವರ ಬಾಯಿ ನೋಡುತ್ತ ನಮಗೆ ಕೈಯಲ್ಲಿ ಹೇಳುತ್ತಿದ್ದಳು. ನಾಲಿಗೆ. ಕೆಟ್ಟದ್ದು. ಅರ್ಧ. ತೆಗೆಯಬೇಕು. ಕತ್ತಿನಲ್ಲೂ. ಮಧ್ಯೆ ಒಂದು ಶಬ್ದಕ್ಕೆ ನಿಂತಳು. ಅದಕ್ಕೆ ಕೈಯಲ್ಲಿ ಏನು ಮಾಡಬೇಕೆಂದು ಅವಳಿಗೆ ಗೊತ್ತಿಲ್ಲ. ಯಾರೂ ಅವಳಿಗೆ ಕಲಿಸಿಲ್ಲ. ನನ್ನ ಅಂಗೈ ಹಿಡಿದುಕೊಂಡು ಬೆರಳಿನಿಂದ ಅಕ್ಷರ ಬರೆದಳು. ಕ. ಯಾ. ನ್. ಸ. ರ್. ಕ್ಯಾ ಬರೆಯಲು ಬರದೆ ಕ ಬೇರೆ ಯಾ ಬೇರೆ ಬರೆದಳು. ಆಮೇಲೆ ನನ್ನ ಮುಖ ನೋಡಿ ‘ಸರಿಯಾಗಿ ಬರೆದೆನಾ?’ ಎಂದು ಕೇಳಿದಳು.

ಸರಿ ಎಂದೆ.

ಸೆಪ್ಟೆಂಬರ್ ಎರಡಕ್ಕೆ ಆಪರೇಷನ್. ನೀವು ಚಿಂತೆ ಮಾಡಬೇಡಿ.

ಗೋಂದು


24 ಆಗಸ್ಟ್ 1993

ಗೋಂದು,

ಹೊರಟು ಬರುತ್ತಿದ್ದೇನೆ. ಮೂವತ್ತೊಂದಕ್ಕೆ ಬೆಳಿಗ್ಗೆ ತಲುಪುತ್ತೇನೆ. ನಿಲ್ದಾಣಕ್ಕೆ ಯಾರೂ ಬರುವುದು ಬೇಡ, ವಿಳಾಸ ನನ್ನ ಬಳಿ ಇದೆ. ನಿನ್ನ ಹೆಂಡತಿಗೆ ನನ್ನ ಅಡುಗೆ, ಹಾಸಿಗೆ ಎಂದು ಒದ್ದಾಡಬಾರದೆಂದು ಹೇಳು.

ಟೀಚರ್


3 ಅಕ್ಟೋಬರ್ 1993

ಚಿ. ಗೋಂದುವಿಗೆ,

ಊರಿಗೆ ಬಂದು ಹದಿನೈದು ದಿನವಾಯಿತು. ಆರು ಸಲ ಈ ಪತ್ರ ಬರೆದು ಹರಿದೆ.

ವಾರ್ಡಿನಲ್ಲಿ ನಿನ್ನ ಮಂಚದ ಪಕ್ಕ ಹನ್ನೆರಡು ದಿನ ಕೂತೆ. ಕತ್ತಿಗೆ ಕೊಳವೆ, ಮೂಗಿಗೆ ಕೊಳವೆ. ನೀನು ಎಚ್ಚರವಾದ ಮೇಲೆ ಕೈ ಎತ್ತಿದೆ. ನಿನ್ನ ಹೆಂಡತಿ ಕೈ ಎತ್ತಿದಳು. ಮಾತು ಶುರುವಾಯಿತು. ಎಷ್ಟು ಬೇಗ, ಎಷ್ಟು ಹೊತ್ತು! ನೀನು ಒಂದು ಸಲ ನಕ್ಕೆ ಕೂಡ. ಬಾಯಿ ತೆರೆಯದೆ, ಹೊಟ್ಟೆ ಕುಣಿಸಿ. ಅವಳೇನು ಹೇಳಿದಳೋ ನನಗೆ ತಿಳಿಯಲಿಲ್ಲ. ಬೆಂಚಿನ ಮೇಲೆ ಅಕ್ಷರ ಬಾರದವಳ ಹಾಗೆ ಕೂತಿದ್ದೆ. ಕೂಸು ನನ್ನ ಸೆರಗು ಎಳೆದು, ‘ಟೀಚರಜ್ಜೀ, ನಿಮಗೆ ಕೈಮಾತು ಬರಲ್ವಾ? ಕಿವುಡರ ಶಾಲೆ ಟೀಚರ್ ಅಂತೀರಿ, ಅಷ್ಟು ವರ್ಷ ಏನ್ ಮಾಡ್ತಿದ್ರಿ?’ ಎಂದಳು. ಮಕ್ಕಳ ಬಾಯಿಗೆ ಬೀಗ ಹಾಕಲಾಗುವುದೇ? ಬರಲ್ಲಮ್ಮ ಎಂದೆ. ಆಮೇಲೆ ಅವಳೇ ನನಗೆ ಹೇಳತೊಡಗಿದಳು. ಅಪ್ಪನಿಗೆ ಬಾಯಾರಿದೆಯಂತೆ. ಅಪ್ಪನಿಗೆ ಕಿಟಕಿ ಮುಚ್ಚಬೇಕಂತೆ. ಒಂಬತ್ತು ವರ್ಷ ನಿನ್ನ ಗಂಟಲಿನ ಮೇಲೆ ಕೈಯಿಟ್ಟು ಮಾತು ಹೊರಡಿಸಿದವಳಿಗೆ ನಿನ್ನ ಬಾಯಾರಿಕೆಯನ್ನು ಏಳು ವರ್ಷದ ಮಗು ಹೇಳಬೇಕಾಯಿತು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಜನವರಿಯಲ್ಲಿ ನಾನು ನಿನಗೆ ಬರೆದದ್ದು ಪೂರ್ತಿ ನಿಜವಲ್ಲ. ಬಿಳಿ ಬಿಲ್ಲೆ, ಬಹಳ ಜನರಿಗೆ ಏನೂ ಆಗುವುದಿಲ್ಲ, ಇದೆಲ್ಲ ಆ ಡಾಕ್ಟರ್ ಹೇಳಿದ್ದೇ. ಆದರೆ ಅವಳು ಅಲ್ಲಿಗೆ ನಿಲ್ಲಿಸಿರಲಿಲ್ಲ. ‘ಕೆನ್ನೇಲಿದ್ರೆ ಒಂದು ಮಾತು ಮೇಡಂ, ನಾಲಿಗೆ ಅಂಚಲ್ಲಿದ್ರೆ ಕಾಯೋ ಹಾಗಿಲ್ಲ. ಇವತ್ತೇ ಬರೀರಿ, ಮೊದಲು ಬಯಾಪ್ಸಿ ಮಾಡಿಸ್ಲಿ, ಮಿಕ್ಕಿದ್ದೆಲ್ಲ ಆಮೇಲೆ’ ಎಂದಳು. ಮೆಟ್ಟಿಲಿಳಿಯುವಾಗಲೂ ಹಿಂದೆ ಬಂದು ಇನ್ನೊಮ್ಮೆ ಹೇಳಿದಳು. ಮನೆಗೆ ಬಂದು ನಾನು ‘ಆತುರವಿಲ್ಲ’ ಎಂದು ಬರೆದೆ.

ನೀನು ಹೆದರಬಾರದೆಂದು ಹಾಗೆ ಬರೆದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಿನ್ನ ನಾಲಿಗೆಗೆ ಕತ್ತರಿ ತಾಗುತ್ತದೆ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಶಾಲೆಗೆ ಯಾರು ಬಂದರೂ ನಿನ್ನನ್ನು ಮುಂದೆ ನಿಲ್ಲಿಸುತ್ತಿದ್ದೆ. ನೀನು ಮಾತಾಡಿದರೆ ಜನ ನನ್ನ ಮುಖ ನೋಡುತ್ತಿದ್ದರು. ನಿನ್ನ ಮಾತು ನನ್ನದೆಂದುಕೊಂಡಿದ್ದೆ. ಅದನ್ನು ಉಳಿಸಿಕೊಳ್ಳಲು ಹೋಗಿ ನಿನ್ನ ಆರು ತಿಂಗಳು ತಿಂದೆ.

ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ.

ಟೀಚರ್


21 ಅಕ್ಟೋಬರ್ 1993

ಟೀಚರ್ ಅವರಿಗೆ,

ನಿಮ್ಮ ಪತ್ರವನ್ನು ಮೂರು ದಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ಹೆಂಡತಿಗೆ ತೋರಿಸಿದೆ. ಅವಳು ಓದಿ ಮಡಚಿ ಕೊಟ್ಟಳು. ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಫೆಬ್ರವರಿಯಲ್ಲಿ ನಿಮ್ಮ ಪತ್ರ ತೋರಿಸಿ ನಾನು ಅವಳ ಮಾತು ನಿಲ್ಲಿಸಿದ್ದು ಇಬ್ಬರಿಗೂ ನೆನಪಾಯಿತು.

ನಾನೂ ಸುಳ್ಳು ಬರೆದಿದ್ದೆ. ಹೊಗೆಸೊಪ್ಪನ್ನು ನಾಲ್ಕು ದಿನ ಬಿಟ್ಟದ್ದು ನಿಜ. ಐದನೆಯ ದಿನ ಮತ್ತೆ ಹಾಕಿದೆ. ನಿಮಗೆ ಹೇಳಲಿಲ್ಲ. ಮಾರ್ಚಿನಲ್ಲೇ ಉರಿ ಶುರುವಾಗಿತ್ತು. ಕಾರ್ಡಿಗೆ ಉತ್ತರ ಬರೆಯದಿದ್ದದ್ದು ಅದಕ್ಕೇ. ಬರೆದರೆ ನೀವು ಆಸ್ಪತ್ರೆಗೆ ಹೋಗು ಎನ್ನುತ್ತೀರಿ ಎಂದು ಹೆದರಿಕೆ. ಆದ್ದರಿಂದ ಆರು ತಿಂಗಳನ್ನೂ ನೀವೊಬ್ಬರೇ ತಿನ್ನಲಿಲ್ಲ.

ಆದರೆ ನಿಮ್ಮ ಸುಳ್ಳು ದೊಡ್ಡದು ಟೀಚರ್. ನಾನು ನಿಮ್ಮನ್ನು ನಂಬಿದ್ದೆ. ನೀವು ನನ್ನನ್ನು ನಂಬಿರಲಿಲ್ಲ. ಹೇಳಿದರೆ ತಡೆದುಕೊಳ್ಳುತ್ತಾನೆ ಎಂದು ನಂಬಿರಲಿಲ್ಲ.

ಇನ್ನೊಂದು ಮಾತು. ಒಂದನೆಯ ತರಗತಿಯಲ್ಲಿ ನಾನು ಕೈಯಾಡಿಸಿದೆ ಎಂದು ನೀವು ರಿಬ್ಬನ್ನಿನಿಂದ ನನ್ನ ಎರಡೂ ಕೈ ಬೆಂಚಿಗೆ ಕಟ್ಟಿದ್ದಿರಿ. ಕೆಂಪು ರಿಬ್ಬನ್ನು. ನೋವಾಗದ ಹಾಗೆ ಕಟ್ಟಿದ್ದಿರಿ. ಮೂತ್ರ ಬಂದಿತ್ತು. ಹೇಳಲು ಆಗ ನನಗೆ ಬಾಯಿ ಬರುತ್ತಿರಲಿಲ್ಲ, ಕೈ ಬಿಚ್ಚಿರಲಿಲ್ಲ. ಇದನ್ನು ಇಷ್ಟು ವರ್ಷ ಬರೆದಿರಲಿಲ್ಲ. ನೀವು ನನ್ನನ್ನು ಹೆಚ್ಚು ಪ್ರೀತಿಸಿದಿರಿ, ಇದನ್ನು ಬರೆದರೆ ಕೃತಘ್ನ ಆಗುತ್ತೇನೆ ಎಂದುಕೊಂಡಿದ್ದೆ.

ಈಗ ಬಾಯಲ್ಲಿ ಪ, ಬ, ಮ ಉಳಿದಿವೆ. ತುಟಿಯ ಅಕ್ಷರಗಳು. ಮೊದಲ ವರ್ಷ ಕಲಿತದ್ದು. ‘ಬಾ’ ಎಂದರೆ ಕೂಸು ಬರುತ್ತಾಳೆ. ಅವಳ ಹೆಸರಿನಲ್ಲಿ ರ ಇದೆ, ಅದು ಹೋಯಿತು. ಮುಂದಿನ ವಾರದಿಂದ ಕತ್ತಿಗೆ ರೇಡಿಯೇಷನ್ ಕೊಡುತ್ತಾರೆ.

ಸ್ವಲ್ಪ ಕಾಲ ಪತ್ರ ಬರೆಯಬೇಡಿ. ಬರೆದರೆ ನಾನು ಉತ್ತರ ಬರೆಯಬೇಕಾಗುತ್ತದೆ.

ಗೋಂದು


14 ಮಾರ್ಚ್ 1994

ಪೂಜ್ಯ ಟೀಚರ್ ಅವರಿಗೆ,

ನಮಸ್ಕಾರಗಳು. ನೀವು ಬರೆಯಲಿಲ್ಲ. ಬರೆಯಬೇಡಿ ಎಂದದ್ದು ನಾನೇ. ಆದರೂ ಪೋಸ್ಟಿನವರು ಬಂದಾಗ ನೋಡುತ್ತಿದ್ದೆ.

ಡಿಸೆಂಬರಿನಲ್ಲಿ ರೇಡಿಯೇಷನ್ ಮುಗಿಯಿತು. ಬಾಯಿ ಒಣಗಿ ಅಂಟಿಕೊಳ್ಳುತ್ತದೆ. ಗಂಜಿ, ಹಾಲು ಇಷ್ಟೇ. ಕೆಲಸಕ್ಕೆ ಹೋಗುತ್ತಿದ್ದೇನೆ, ಯಂತ್ರದ ಮುಂದೆ ಅಲ್ಲ, ಅಚ್ಚಾದ ಹಾಳೆಗಳ ಫಾರಂ ಮಡಚುವ ಮೇಜಿನಲ್ಲಿ. ಅಲ್ಲಿ ಕೂತುಕೊಳ್ಳಬಹುದು. ಬೈಂಡಿಂಗ್ ಕೋಣೆಯಲ್ಲಿ ಇಬ್ಬರು ಹೊಗೆಸೊಪ್ಪು ಬಿಟ್ಟಿದ್ದಾರೆ. ಉಳಿದವರು ನಾನು ಬಂದಾಗ ಆ ಕಡೆ ತಿರುಗಿ ಹಾಕಿಕೊಳ್ಳುತ್ತಾರೆ.

ಕತ್ತಿನಲ್ಲಿ ಗಂಟು ಬಂದಿದೆ. ಕಿವಿಯ ಕೆಳಗೆ, ಹೊಲಿಗೆ ಹಾಕಿದ ಜಾಗದಲ್ಲೇ. ಮೊದಲು ಬಟಾಣಿಯಷ್ಟಿತ್ತು, ಈಗ ನಿಂಬೆಕಾಯಿ. ಅದರಿಂದ ಚೂರು ತೆಗೆದರು, ಫೋಟೋ ತೆಗೆದರು. ಇಪ್ಪತ್ತೆಂಟಕ್ಕೆ ಬಂದು ಕೇಳಿಕೊಳ್ಳಿ ಎಂದಿದ್ದಾರೆ.

ಈ ಸಲ ಕೂಸನ್ನು ಒಳಗೆ ಕರೆದುಕೊಂಡು ಹೋಗುವುದಿಲ್ಲ. ಹೋದ ಸಲ ಅವಳ ಬೆರಳು ನನ್ನ ಅಂಗೈಯಲ್ಲಿ ಬರೆದದ್ದು ಇನ್ನೂ ಅಲ್ಲೇ ಇದೆ. ಹೆಂಡತಿಗೆ ನನ್ನ ಹಾಗೇ ಕೇಳಿಸುವುದಿಲ್ಲ. ಪ್ರೂಫ್ ನೋಡುವವರನ್ನು ಕರೆದರೆ ಬರುತ್ತಾರೆ, ಒಳ್ಳೆಯವರು. ಒಳ್ಳೆಯವರಾದ್ದರಿಂದ ತಿದ್ದಿ ಬರೆಯುತ್ತಾರೆ.

ನೀವು ಬನ್ನಿ. ಒಳಗೆ ನನ್ನ ಜೊತೆ ಕೂತು ಕೇಳಿ. ಡಾಕ್ಟರು ಹೇಳಿದ್ದನ್ನು ಮಾತ್ರ ಬರೆಯಿರಿ. ಅವರು ಹೇಳದ್ದನ್ನು ಬರೆಯಬೇಡಿ, ಹೇಳಿದ್ದನ್ನು ಬಿಡಬೇಡಿ. ಯಾಕೆ ನಿಮ್ಮನ್ನೇ ಕೇಳುತ್ತಿದ್ದೇನೆ ಎಂದು ಹೆಂಡತಿ ಕೇಳಿದಳು. ಒಮ್ಮೆ ಸುಳ್ಳು ಬರೆದು ಏನಾಯಿತು ಎಂದು ನೋಡಿದವರು ಅವರೊಬ್ಬರೇ, ಮತ್ತೆ ಬರೆಯಲಾರರು ಎಂದೆ.

ಗೋಂದು


19 ಮಾರ್ಚ್ 1994

ಗೋಂದು,

ಬರುತ್ತೇನೆ. ಹೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಟೀಚರ್


28 ಮಾರ್ಚ್ 1994
ಆಸ್ಪತ್ರೆ, ಎರಡನೆಯ ಮಹಡಿ, ಹೊರಗಿನ ಬೆಂಚು

ಗೋಂದು,

ಒಳಗೆ ಬರೆಯಲು ಆಗಲಿಲ್ಲ. ಅವರು ಬೇಗ ಬೇಗ ಹೇಳಿದರು. ಈಗ ನೀನು ಪಕ್ಕದಲ್ಲೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದೀಯೆ. ಮುಗಿಸಿ ಕೊಡುತ್ತೇನೆ, ಅಲ್ಲಿಯವರೆಗೆ ಎಳೆಯಬೇಡ.

ಅವರು ಹೇಳಿದ್ದು: ‘ಅದೇ ಕಾಯಿಲೆ ಕತ್ತಲ್ಲಿ ತಿರುಗಿ ಬಂದಿದೆ. ದೊಡ್ಡ ರಕ್ತನಾಳಕ್ಕೆ ಅಂಟ್ಕೊಂಡಿದೆ. ಕತ್ತರಿಸಕ್ಕೆ ಹೋದ್ರೆ ಟೇಬಲ್ ಮೇಲೇ ಹೋಗ್ತಾರೆ. ಆಪರೇಷನ್ ಮಾಡಕ್ಕಾಗಲ್ಲ.’

ನಾನು ಕೇಳಿದೆ, ಮತ್ತೆ ರೇಡಿಯೇಷನ್? ‘ಆ ಜಾಗಕ್ಕೆ ಎಷ್ಟು ಕೊಡಬಹುದೋ ಅಷ್ಟು ಕೊಟ್ಟಾಗಿದೆ.’

ಔಷಧಿ? ‘ಕೊಡಬಹುದು. ಗಂಟು ಸ್ವಲ್ಪ ದಿನ ಕುಗ್ಗಬಹುದು. ವಾಸಿ ಆಗಲ್ಲ. ವಾಂತಿ, ಸುಸ್ತು ಇರುತ್ತೆ. ಬೇಡ ಅಂದ್ರೂ ನಾನು ಒತ್ತಾಯ ಮಾಡಲ್ಲ.’

ಎಷ್ಟು ಕಾಲ? ಈ ಪ್ರಶ್ನೆಗೆ ಅವರು ನಿನ್ನ ಮುಖ ನೋಡಿದರು. ‘ಇವರಿಗೆ ಕೇಳಿಸಲ್ಲ ಅಲ್ವಾ?’ ಎಂದರು. ಕೇಳಿಸುವುದಿಲ್ಲ, ಆದರೆ ಒಂದು ಅಕ್ಷರ ಬಿಡದೆ ಬರೆದು ಕೊಡುತ್ತೇನೆ, ಹಾಗೆಂದು ಮಾತು ಕೊಟ್ಟಿದ್ದೇನೆ ಎಂದೆ. ಅವರು ಹೇಳಿದರು: ‘ಐದು ತಿಂಗಳು, ಆರು ತಿಂಗಳು. ಕಮ್ಮೀನೂ ಆಗಬಹುದು. ಮುಂದೆ ನುಂಗಕ್ಕಾಗಲ್ಲ, ಹೊಟ್ಟೆಗೇ ಕೊಳವೆ ಹಾಕಬೇಕಾಗುತ್ತೆ. ನೋವಿಗೆ ಮಾತ್ರ ನಮ್ಮ ಹತ್ರ ಒಳ್ಳೆ ಔಷಧಿ ಇದೆ, ಅದಕ್ಕೆ ಕೊರತೆ ಮಾಡಲ್ಲ.’

ಇನ್ನೊಂದು ಪ್ರಶ್ನೆಯನ್ನು ನೀನು ಕೇಳು ಎಂದಿರಲಿಲ್ಲ. ನಾನೇ ಕೇಳಿದೆ. ಹೋದ ವರ್ಷ ಜನವರಿಯಲ್ಲೇ ಬಯಾಪ್ಸಿ ಮಾಡಿಸಿದ್ದರೆ? ಅವರು ಹಳೆಯ ಕಾಗದ ತಿರುವಿ ನೋಡಿದರು. ‘ಆಗ ಬರೀ ಅಂಚು ತೆಗೆದಿದ್ರೆ ಸಾಕಾಗ್ತಿತ್ತೇನೋ. ಖಂಡಿತ ಅಂತ ಹೇಳಕ್ಕಾಗಲ್ಲ. ಆದ್ರೆ ಸಾಕಾಗ್ತಿತ್ತು ಅಂತಲೇ ನನಗನ್ಸುತ್ತೆ.’

ಇಷ್ಟೇ ಅವರು ಹೇಳಿದ್ದು. ಯಾವುದನ್ನೂ ಬಿಟ್ಟಿಲ್ಲ. ಯಾವುದನ್ನೂ ಸೇರಿಸಿಲ್ಲ.

ಟೀಚರ್


(ಅದೇ ಹಾಳೆಯ ಹಿಂದೆ)

ಟೀಚರ್,

ಎರಡು ಸಲ ಓದಿದೆ. ಎಲ್ಲ ಅರ್ಥವಾಯಿತು. ಅರ್ಥ ಕೇಳಬೇಕಾದ ಶಬ್ದ ಒಂದೂ ಇಲ್ಲ.

ಔಷಧಿ ಬೇಡ ಎಂದು ಅವರಿಗೆ ಹೇಳಿ. ನೋವಿನದ್ದು ಸಾಕು. ನೀವು ಅಳುತ್ತಿದ್ದೀರಿ, ನರ್ಸು ನೋಡುತ್ತಿದ್ದಾಳೆ.

ಹೆಂಡತಿ ಕೂಸನ್ನು ಕರೆದುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಾಳೆ. ನನ್ನ ಮುಖ ನೋಡಿ ಅರ್ಧ ತಿಳಿದುಕೊಂಡಿದ್ದಾಳೆ. ಉಳಿದದ್ದನ್ನು ನಾನೇ ಅವಳಿಗೆ ಹೇಳಬೇಕು. ಕಿವಿ ಇರುವವರಾದರೆ ಮೆಲ್ಲಗೆ ಪಿಸುಗುಟ್ಟಬಹುದು, ಮಕ್ಕಳಿಗೆ ಕೇಳಿಸುವುದಿಲ್ಲ. ನಮ್ಮ ಮಾತು ಹಾಗಲ್ಲ. ಈ ಕೊನೆಯಿಂದ ಆ ಕೊನೆಗೂ ಕಾಣುತ್ತದೆ. ನೀವು ನೋಡಿದರೂ ನಿಮಗೆ ತಿಳಿಯುವುದಿಲ್ಲ. ಕೂಸಿಗೆ ತಿಳಿಯುತ್ತದೆ.

ಅವಳನ್ನು ಕೆಳಗೆ ಕರೆದುಕೊಂಡು ಹೋಗಿ. ಗೇಟಿನ ಹೊರಗೆ, ಈ ಕಿಟಕಿ ಕಾಣದ ಕಡೆ. ಅರ್ಧ ಗಂಟೆ ಸಾಕು. ಬೇಗ ಹೋಗಿ, ಅವಳು ಈ ಕಡೆಗೇ ಓಡಿ ಬರುತ್ತಿದ್ದಾಳೆ.